ಕಾಲು ಮುಟ್ಟಿ ಹೆಣ್ಣು–ಗಂಡು ಹೇಳುವ ಸಣ್ಣತಾಯಮ್ಮ

ಬೆಳಗಿನ ಐದೂವರೆ. ನಂಜನಗೂಡಿನ ಮಾಂಸದಂಗಡಿಯೊಂದರ ಹಿಂದೆ, ತಗಡಿನ ಶೀಟಿನ ಕೆಳಗೆ ಇದ್ದಿಲ ಒಲೆ ಆಗಲೇ ಕೆಂಪಗಾಗಿದೆ. ಸೆರಗನ್ನು ಸೊಂಟಕ್ಕೆ ಬಿಗಿದು ಕೂತ ಸಣ್ಣತಾಯಮ್ಮ ಕುರಿಯ ಕಾಲೊಂದನ್ನು ಕೆಂಡದ ಮೇಲೆ ತಿರುಗಿಸುತ್ತಾರೆ. ಕೂದಲು ಚಟಪಟ ಸುಡುತ್ತದೆ. ಚಾಕುವಿನಿಂದ ಕೆರೆದು, ಗೊರಸು ಕಿತ್ತು, ಬುಟ್ಟಿಗೆ ಎಸೆಯುತ್ತಾರೆ. ಮುಂದಿನ ಕಾಲು ಎತ್ತಿಕೊಂಡವರು ಮಾತ್ರ ತಡೆಯುತ್ತಾರೆ. ಹೆಬ್ಬೆರಳಿನಿಂದ ಅದನ್ನು ಮೇಲಿಂದ ಕೆಳಕ್ಕೊಮ್ಮೆ ಸವರುತ್ತಾರೆ.

"ಇದು ಸುಡಂಗಿಲ್ಲ. ಮೇಡಮ್ಮಾರ್ದು" ಎನ್ನುತ್ತ ಅದಕ್ಕೊಂದು ಕೆಂಪು ದಾರ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಐಸು ತುಂಬಿದ ಥರ್ಮಕೋಲ್ ಡಬ್ಬಕ್ಕೆ ಇಳಿಸುತ್ತಾರೆ.

ಆ ಡಬ್ಬ ಏಳು ಗಂಟೆಯ ಬಸ್ಸಿಗೆ ಮೈಸೂರಿಗೆ ಹೋಗಬೇಕು. ಅಲ್ಲಿನ ಪ್ರಯೋಗಾಲಯವೊಂದರಲ್ಲಿ ಸಂಶೋಧಕಿ ನಾಗರತ್ನ ಕಾಯುತ್ತಿರುತ್ತಾರೆ. ಕೀಲುಗಳ ತುದಿಯಲ್ಲಿ ಹಾಲುಬಿಳುಪಿಗೆ ಹೊಳೆಯುವ ಮೃದ್ವಸ್ಥಿಗೂ ಹೆಣ್ಣಿನ ಹಾರ್ಮೋನಿಗೂ ಇರುವ ನಂಟು ಅವರ ಅಧ್ಯಯನದ ವಿಷಯ. ಆ ಅಧ್ಯಯನ ನಾಲ್ಕು ವರ್ಷಗಳಿಂದ ನಿಂತಿರುವುದು ಈ ಒಲೆಯ ಮುಂದೆ ಕೂತ ಹೆಂಗಸಿನ ಬೆರಳುಗಳ ಮೇಲೆ.

ಸಣ್ಣತಾಯಮ್ಮನವರಿಗೆ ಈಗ ಐವತ್ತೈದರ ಆಸುಪಾಸು. ಹುಟ್ಟಿದ್ದು ಹೆಮ್ಮರಗಾಲ, ಬಾಲ್ಯವೆಲ್ಲ ಊರಿನ ಒಕ್ಕಲುಗಳ ಕುರಿ ಮೇಯಿಸುವುದರಲ್ಲೇ ಕಳೆಯಿತು. ಮದುವೆಯಾಗಿ ಬಂದದ್ದು ತಾಂಡವಪುರಕ್ಕೆ. ಗಂಡ ದೊಡ್ಡಮಾದಯ್ಯ ಈ ಅಂಗಡಿಯಲ್ಲಿ ಚರ್ಮ ಸುಲಿಯುತ್ತಿದ್ದರು. ಇಪ್ಪತ್ಮೂರು ವರ್ಷಗಳ ಹಿಂದೆ ಸಣ್ಣತಾಯಮ್ಮನವರೂ ಅಲ್ಲೇ ಕಾಲು ಸುಡಲು ಕೂತರು. ಸಾಮಾನ್ಯ ದಿನ ಎಂಬತ್ತು ಕಾಲು, ಭಾನುವಾರ ಇನ್ನೂರೈವತ್ತು ದಾಟುತ್ತದೆ. ಸೋಮವಾರ ರಜ. ಕೈಯಲ್ಲಿ ಸುಟ್ಟ ಗಾಯದ ಕಲೆಗಳಿವೆ. ಸುಟ್ಟ ಕೂದಲಿನ ವಾಸನೆಗೆ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದ ಕಾಲವೂ ಇತ್ತು. "ಓಗ್ಲಿ ಬುಡಿ, ಎಲ್ಡು ಸೀಟು ನಂದೇ ಅಂತ ಕಾಲು ಚಾಚ್ಕಂಡು ಕೂರ್ತಿದ್ದೆ" ಎಂದು ನಗುತ್ತಾರೆ.

ಅವರಿಗೆ ನಗು ತರದ ಸಂಗತಿಯೊಂದಿತ್ತು. "ಮುಟ್ಟು ನಿಂತ ವರ್ಸವೇ ಮಂಡಿ ಇಡ್ಕತ್ತು ಸಾ. ಎಲ್ಡೂ ಒಂದೇ ಸಲ. ಯಾಕಿಂಗೆ ಅಂತ ಆಸ್ಪತ್ರೇಲಿ ಕೇಳ್ದೆ. ವಯಸ್ಸಾಯ್ತಲ್ಲಮ್ಮ ಅಂದ್ರು. ನನ್ ಗಂಡುಂಗೆ ನನ್ಗಿಂತ ಎಂಟು ವರ್ಸ ಜಾಸ್ತಿ, ಅವುನ್ ಮಂಡಿಗೆ ಯಾಕೆ ವಯಸ್ಸಾಗ್ನಿಲ್ಲ ಅಂದೆ. ಮಾತ್ರೆ ಬರ್ಕೊಟ್ಟು ಕಳ್ಸುದ್ರು."

ಉತ್ತರ ಹುಡುಕುತ್ತಿದ್ದವರು ನಾಲ್ಕು ವರ್ಷಗಳ ಹಿಂದೆ, 1998ರ ಒಂದು ಬೆಳಿಗ್ಗೆ ಅಂಗಡಿಗೇ ಬಂದರು. ತಿರುಮಕೂಡಲು ನರಸೀಪುರದ ಹುಡುಗಿ ನಾಗರತ್ನ, ಆಗಷ್ಟೇ ಪಿಎಚ್.ಡಿ.ಗೆ ಸೇರಿದ್ದವರು. ತಮಗೆ ಸುಡದಿರುವ, ಅದೂ ಹೆಣ್ಣು ಕುರಿಯ ಕಾಲುಗಳೇ ಬೇಕೆಂದರು. ಅಂಗಡಿಯ ಸಿದ್ದರಾಜು ಬಿದ್ದು ಬಿದ್ದು ನಕ್ಕರು. "ಸೂಪು ಕಾಯ್ಸಕ್ಕೆ ಎಣ್ಣಾದ್ರೇನು ಗಂಡಾದ್ರೇನು ಮೇಡಂ?"

ನಾಗರತ್ನ ತಾಳ್ಮೆಯಿಂದ ವಿವರಿಸಿದರು. ಹೆಂಗಸರ ಮೈಯಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಇರುತ್ತದೆ. ಮುಟ್ಟು ನಿಂತ ಮೇಲೆ ಅದು ಇಳಿಯುತ್ತದೆ. ಕೀಲಿನ ಮೃದ್ವಸ್ಥಿಯ ಜೀವಕೋಶಗಳಲ್ಲೂ ಅದನ್ನು ಬರಮಾಡಿಕೊಳ್ಳುವ ಗ್ರಾಹಕಗಳಿವೆ. "ಮೂಳೆ ಒಳಗೂ ಗಿರಾಕಿಗಳಾ!" ಎಂದರು ಸಿದ್ದರಾಜು.

ಒಲೆಯ ಮುಂದಿದ್ದ ಸಣ್ಣತಾಯಮ್ಮ ಎದ್ದೇ ಬಂದರು. "ಇನ್ನೊಂದ್ಸಲ ಏಳವ್ವ. ಮುಟ್ಟಿಗೂ ಮಂಡಿಗೂ ಸಂಬಂದ ಅದೆ ಅಂದ್ಯಾ?"

"ಇರಬಹುದು ಅಂತಮ್ಮ. ಅದನ್ನೇ ನೋಡ್ಬೇಕು."

"ಎಷ್ಟು ಕಾಲು ಬೇಕು?"

ಅಂದಿನಿಂದ ಕೆಂಪು ದಾರ ಹೆಣ್ಣಿಗೆ, ಕಪ್ಪು ದಾರ ಗಂಡಿಗೆ. ಕೊಯ್ಯುವ ಮುಂಚೆ ಕುರಿಯ ಬಾಯಿ ಬಿಡಿಸಿ, ಎಷ್ಟು ಹಲ್ಲು ಬಂದಿದೆಯೋ ದಾರಕ್ಕೆ ಅಷ್ಟು ಗಂಟು. ಅದೇ ವಯಸ್ಸಿನ ಗುರುತು. ತಾಂಡವಪುರದವರೇ ಆದ ಬಸ್ಸಿನ ಕಂಡಕ್ಟರ್ ರವಿಚಂದ್ರ ಡಬ್ಬವನ್ನು ತಮ್ಮ ಸೀಟಿನ ಕೆಳಗೇ ಇಟ್ಟುಕೊಂಡು ಹೋಗತೊಡಗಿದರು.

ಎರಡನೆಯ ವರ್ಷ ಕೆಲಸ ಹಳ್ಳ ಹಿಡಿಯಿತು. ಕಾಲುಗಳು ಸಾಲದೆ ಪ್ರಯೋಗಾಲಯವು ಮೈಸೂರಿನ ಇನ್ನೊಬ್ಬ ಮಾಂಸದಂಗಡಿಯವರಿಂದಲೂ ತರಿಸತೊಡಗಿತ್ತು. ಲೆಕ್ಕ ಒಂದಕ್ಕೊಂದು ತಾಳೆಯಾಗಲಿಲ್ಲ. ತಿಂಗಳೊಳಗೆ ಸರಿಹೋಗದಿದ್ದರೆ ವಿಷಯವನ್ನೇ ಬದಲಿಸಿ ಎಂದರು ನಾಗರತ್ನರ ಮಾರ್ಗದರ್ಶಕರು. ಆ ವಾರ ಡಬ್ಬ ತಂದುಕೊಡಲು ತಾವೇ ಹೋಗಿದ್ದ ಸಣ್ಣತಾಯಮ್ಮ, ಮೇಜಿನ ಮೇಲಿನ ಟ್ರೇ ನೋಡಿ ನಿಂತುಬಿಟ್ಟರು. ಒಂದು ಕಾಲನ್ನು ಎತ್ತಿ ಸವರಿದರು. "ಇದು ಟಗ್ರಿಂದು ಕಣವ್ವ. ಎಣ್ಣು ಅಂತ ಯಾರು ಬರ್ದೋರು?"

ಮಾರ್ಗದರ್ಶಕರು ನಂಬಲಿಲ್ಲ. ಪರೀಕ್ಷೆಯೇ ಆಗಲಿ ಎಂದರು. ಮರುದಿನ ನಾಗರತ್ನ ನಂಜನಗೂಡಿಗೆ ಬಂದು, ಕಣ್ಣೆದುರೇ ಕೊಯ್ದ ಇಪ್ಪತ್ತು ಕುರಿಗಳ ಕಾಲಿಗೆ ಬರೀ ನಂಬರು ಕಟ್ಟಿಸಿ ಒಯ್ದರು. ಸಣ್ಣತಾಯಮ್ಮನವರನ್ನು ಆ ಬೆಳಿಗ್ಗೆ ಅಂಗಡಿಯತ್ತ ಬರಗೊಡಲಿಲ್ಲ. ಪ್ರಯೋಗಾಲಯದಲ್ಲಿ ಸ್ಟೂಲಿನ ಮೇಲೆ ಕೂತು ಅವರು ಒಂದೊಂದನ್ನೇ ಸವರುತ್ತ ಹೋದರು. ಎಣ್ಣು. ಎಣ್ಣು. ಟಗ್ರು. ಎಣ್ಣು, ಎಲ್ಡು ಮರಿ ಆಕ್ಯದೆ. ಹದಿನೇಳರವರೆಗೂ ಒಂದೂ ತಪ್ಪಲಿಲ್ಲ. ಹದಿನೆಂಟನೆಯದನ್ನು ಮಾತ್ರ ಎರಡು ಮೂರು ಸಲ ತಿರುತಿರುಗಿಸಿ ಸವರಿದರು.

"ಇದು ಎಣ್ಣಲ್ಲ. ಟಗ್ರೂ ಅಲ್ಲ."

"ಎರಡರಲ್ಲಿ ಒಂದು ಹೇಳ್ಬೇಕಮ್ಮ" ಎಂದು ಮಾರ್ಗದರ್ಶಕರು ನಕ್ಕರು.

"ಇಲ್ದೇ ಇದ್ದುದ್ನ ಎಂಗೇಳ್ಳಿ ಸಾ? ಇದುಕ್ಕೆ ಬೀಜ ಒಡ್ಸವ್ರೆ. ಮರೀಲೇ ಒಡ್ಸ್ಬುಟ್ರೆ ಕಾಲು ಉದ್ದುಕ್ಕೆ ಬೆಳೀತದೆ, ಟಗ್ರಿನ ದಪ್ಪ ಬರಕಿಲ್ಲ."

ನಾಗರತ್ನರ ಪುಸ್ತಕದಲ್ಲಿ ಹದಿನೆಂಟರ ಎದುರು 'ಗಂಡು' ಎಂದಷ್ಟೇ ಇತ್ತು. ಸಿದ್ದರಾಜುಗೆ ಫೋನು ಹೋಯಿತು. "ಹೌದಲ್ಲ, ಬೀಜ ಒಡ್ಸಿದ್ದೇ! ನಿಮ್ಗೆ ಯಾರೇಳುದ್ರು?" ಎಂದು ಆ ಕಡೆಯಿಂದ ಉತ್ತರ ಬಂತು. ಮಾರ್ಗದರ್ಶಕರು ಎದ್ದು ಹೋಗಿ ತಾವೇ ಕಾಫಿ ತಂದು ಸಣ್ಣತಾಯಮ್ಮನವರ ಕೈಗಿಟ್ಟರು.

ಹೊರಗಿನಿಂದ ಬಂದು ಫ್ರೀಜರಿನಲ್ಲಿದ್ದ ನಲವತ್ತೆಂಟು 'ಹೆಣ್ಣು' ಕಾಲುಗಳಲ್ಲಿ ಹತ್ತೊಂಬತ್ತನ್ನು ಸಣ್ಣತಾಯಮ್ಮ ಹೆಣ್ಣಲ್ಲವೆಂದು ಪಕ್ಕಕ್ಕೆ ತೆಗೆದಿಟ್ಟರು. ಅವನ್ನು ಬಿಟ್ಟು ಲೆಕ್ಕ ಹಾಕಿದಾಗ ಕಲಸಿಹೋಗಿದ್ದ ಚಿತ್ರ ತಿಳಿಯಾಯಿತು. ನಾಗರತ್ನ ಸಣ್ಣತಾಯಮ್ಮನವರನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ತಿಳಿನೀಲಿಯ ನಡುವೆ ಕಂದು ಚುಕ್ಕಿಗಳು.

"ಅಯ್ಯೋ, ಕೂತವ್ರೆ ಕಣವ್ವ ಗಿರಾಕಿಗಳು! ಸಾಲಾಗಿ ಕೂತವ್ರೆ!" ಎಂದು ಸಣ್ಣತಾಯಮ್ಮ ಕೂಗಿದ್ದಕ್ಕೆ ಪಕ್ಕದ ಕೋಣೆಯವರೂ ಓಡಿ ಬಂದರಂತೆ.

"ಇದರಿಂದ ನಾಳೆಯೇ ಮಂಡಿನೋವಿಗೆ ಮದ್ದು ಸಿಗಲ್ಲ. ಆದ್ರೆ ಅವರು ಆಸ್ಪತ್ರೆಯಲ್ಲಿ ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಅದನ್ನು ಕೇಳೋಕೆ ಆರು ವರ್ಷ ಓದಬೇಕಾಯ್ತು" ಎನ್ನುತ್ತಾರೆ ನಾಗರತ್ನ. ಕಳೆದ ವರ್ಷ ಪ್ರಕಟವಾದ ಅವರ ಲೇಖನದ ಕೊನೆಯಲ್ಲಿ, ಕೃತಜ್ಞತೆ ಹೇಳುವ ಕಡೆ, ಮೊದಲ ಹೆಸರು ಸಣ್ಣತಾಯಮ್ಮನವರದು. ಆ ಹಾಳೆಯನ್ನು ಕಂಡಕ್ಟರ್ ರವಿಚಂದ್ರ ತುಂಬಿದ ಬಸ್ಸಿನಲ್ಲಿ ನಿಂತು ಗಟ್ಟಿಯಾಗಿ ಓದಿದರು. ಆವತ್ತು ಪಕ್ಕದ ಸೀಟಿನಿಂದ ಯಾರೂ ಎದ್ದು ಹೋಗಲಿಲ್ಲ. ಕೂರಲು ಜಾಗ ಸಾಲದೆ ಜಗಳವಾಯಿತು.

ಮಂಡಿ ಈಗಲೂ ನೋಯುತ್ತದೆ. ನಾಗರತ್ನ ಗೊತ್ತುಮಾಡಿದ ವೈದ್ಯರು ಹೇಳಿಕೊಟ್ಟ ವ್ಯಾಯಾಮವನ್ನು ತಾವು ಮಾಡುವುದಲ್ಲದೆ, ಸೋಮವಾರಗಳಲ್ಲಿ ತಾಂಡವಪುರದ ಹೆಂಗಸರನ್ನು ಜಗಲಿಯ ಮೇಲೆ ಸಾಲಾಗಿ ಕೂರಿಸಿ ಕಾಲು ಎತ್ತಿಸುತ್ತಾರೆ. ಹತ್ತಾರು ಹೆಂಗಸರ ಕೇಕೆ ರಸ್ತೆಯವರೆಗೂ ಕೇಳುತ್ತದೆ.

ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ಕೈಯಲ್ಲಿನ ಚಾಕು ಕೆಳಗಿಡುತ್ತಾರೆ.

"ಕುರೀದು ನೋಡಾಯ್ತು. ಮನುಸ್ರುದ್ದೂ ಒಂದ್ಸಲ ನೋಡ್ಬೇಕು ಸಾ. ಸತ್ತ ಮ್ಯಾಲೆ ನನ್ ಮಂಡೀನೇ ತಗೊಳ್ಳಿ ಅಂತ ಮೇಡಮ್ಮಾರ್ಗೆ ಏಳಿವ್ನಿ. ಬಾಯ್ಮುಚ್ಚಿ ಅಂತ ಬೈದ್ರು. ನಂಗೂ ಒಂದೇ ಬ್ಯಾಸರ. ಆವತ್ತು ಆ ಮಿಸನ್ನಲ್ಲಿ ಬಗ್ಗಿ ನೋಡಕ್ಕೆ ನಾನಿರಕಿಲ್ವಲ್ಲ!"