ಗಂಗಕ್ಕನ ಎರಡು ಶೀಟು

ಕೂಸನ್ನು ಕೈಗೆ ಕೊಟ್ಟರೆ ಎಲ್ಲರೂ ಮುಖ ನೋಡುತ್ತಾರೆ. ಗಂಗಕ್ಕ ಬೆನ್ನು ನೋಡುತ್ತಿದ್ದರು. ಮೂಗು ಅಪ್ಪನದ್ದೋ ಅಮ್ಮನದ್ದೋ ಎಂಬ ಚರ್ಚೆಯೇ ಅವರಿಗೆ ಬೇಡ. ಮಗುವನ್ನು ತೊಡೆಯ ಮೇಲೆ ಬೋರಲು ಮಲಗಿಸಿಕೊಂಡು, ನೆತ್ತಿಯಿಂದ ಹಿಡಿದು ಕತ್ತು, ಬೆನ್ನು, ಸೊಂಟದ ಕೊನೆಯವರೆಗೆ ಅಂಗೈಯನ್ನು ನಿಧಾನವಾಗಿ ಇಳಿಸುವರು; ಸೀರೆಯಲ್ಲಿ ಎಳೆ ಬಿಟ್ಟಿದೆಯೇ ಎಂದು ನಾನು ತಡವಿ ನೋಡುತ್ತೇನಲ್ಲ, ಹಾಗೆ. ಆಮೇಲೆ ಒಂದೇ ಮಾತು: "ಹೊಲ್ಗೆ ಗಟ್ಟಿಯಾಗೈತೆ. ತಗಳವ್ವ ನಿನ್ ಮಗೀನ."

ಗುಬ್ಬಿ ತಾಲೂಕಿನ ನಿಟ್ಟೂರು ಕಡೆ ನರ್ಸಮ್ಮನಾಗಿ ನಿವೃತ್ತರಾದವರು. ನಾನು ಸೀರೆ ಗಂಟು ಹೊತ್ತು ಆ ಊರುಗಳನ್ನು ಸುತ್ತುತ್ತಿದ್ದ ಕಾಲದಿಂದ ಪರಿಚಯ. ನನ್ನ ಹತ್ತಿರ ಚೌಕಾಸಿ ಮಾಡಿ ಗೆದ್ದ ಗಿರಾಕಿ ಅವರೊಬ್ಬರೇ. ವ್ಯಾಪಾರ ಕಲಿಯುವವರಿಗೆ ಒಂದು ಮಾತು ಹೇಳುತ್ತೇನೆ: ಎದ್ದು ಹೋಗುವ ಗಿರಾಕಿಗೆ ಹೆದರಬೇಡಿ, ಸುಮ್ಮನೆ ಕೂರುವವರಿಗೆ ಹೆದರಿ. ಗಂಗಕ್ಕ ಸುಮ್ಮನೆ ಕೂರುವವರು.

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನಾನು ಅಂಗಡಿ ಹಾಕಿದ ಮೇಲೆ ಒಂದು ದಿನ ಬಂದು, ಸಣ್ಣ ಹಳದಿ ಮಾತ್ರೆಗಳ ಶೀಟುಗಳನ್ನು ಗಲ್ಲಾದ ಮೇಲೆ ಇಟ್ಟರು.

"ರತ್ನಾ, ಮಡ್ಲಕ್ಕಿಗೆ ಅಂತ ರವಿಕೆ ಕಣ ಕೊಳ್ಳೋರ್ಗೆಲ್ಲಾ ಮಡಿಕೆ ಒಳಗೆ ಇದ್ನೊಂದು ಇಟ್ಟು ಕೊಡೇ."

"ಏನಿದು ಗಂಗಕ್ಕ?"

"ಫೋಲಿಕ್ ಆಸಿಡ್ಡು."

"ಬಸುರಿ ಆದ್ಮೇಲೆ ಆಸ್ಪತ್ರೇಲೇ ಕೊಡ್ತಾರಲ್ಲ!"

"ಅಲ್ಲೇ ಕಣೇ ಎಡವಟ್ಟಾಗೋದು. ಮುಟ್ಟು ನಿಂತು, ಹೌದೋ ಅಲ್ವೋ ಅಂತ ನೋಡ್ಕಂಡು, ನಮ್ ತಾವ ಬರೋ ಹೊತ್ಗೆ ಒಳಗೆ ಮಿದುಳು, ಬೆನ್ನುಹುರಿ ಹೊಲಿಗೆ ಮುಗ್ದಿರ್ತೈತೆ. ಬಟ್ಟೆ ಹೊಲ್ದಾದ್ಮೇಲೆ ದಾರ ಕೊಟ್ರೆ ಏನ್ ಬಂತು?"

ನಾನು ನಕ್ಕೆ. "ಮದುವೆ ಬಟ್ಟೇಲಿ ಮಾತ್ರೆ ಸಿಕ್ರೆ ನನ್ನ ಅಂಗಡಿಗೆ ಮತ್ತೆ ಯಾರು ಬರ್ತಾರೆ?"

ಅವರು ಸುಮ್ಮನೆ ಕೂತರು. ಬಹಳ ಹೊತ್ತಾದ ಮೇಲೆ, ಸೀರೆಗಳ ಕಡೆ ನೋಡುತ್ತಲೇ ಹೇಳಿದರು: "ನನ್ ಮೊದಲ್ನೇ ಮಗೀಗೆ ಹುಬ್ಬಿನ ಮ್ಯಾಲೆ ಬುರುಡೇನೇ ಇರ್ಲಿಲ್ಲ. ಒಂದ್ ಗಳಿಗೆ ಉಸ್ರಾಡ್ತು. ಗ್ರಹಣದಾಗೆ ಈಳಿಗೆಮಣೆ ಮುಟ್ಟವ್ಳೆ ಅಂದ್ರು ನಮ್ಮತ್ತೆ. ನಾನೂ ಅದ್ನೇ ನಂಬಿದ್ದೆ. ಆಮೇಲೆ ನರ್ಸಿಂಗ್ ಓದೋವಾಗ ಪುಸ್ತಕದಾಗೆ ಅಂಥದ್ದೇ ಮಗೀನ ಚಿತ್ರ ನೋಡ್ದೆ. ಅದ್ರ ಕೆಳಗೆ ಎಲ್ಲೂ ಗ್ರಹಣ ಅಂತ ಬರ್ದಿರ್ಲಿಲ್ಲ ಕಣೇ." ಸ್ವಲ್ಪ ತಡೆದು, "ಈ ಮಾತ್ರೆ ಎಲ್ಲಾನೂ ತಡೀತೈತೆ ಅನ್ನಲ್ಲ. ಬೋ ಪಾಲು ತಡೀತೈತೆ" ಅಂದರು.

ನನಗೆ ಸಂಕಟವಾಯಿತು. ಆದರೂ "ನೋಡೋಣ ಬಿಡಿ" ಅಂದೆ. ನೋಡೋಣ ಅಂದರೆ ಇಲ್ಲ ಅಂತ. ಅದು ಅವರಿಗೂ ಗೊತ್ತಿತ್ತು.

ನನ್ನ ಮಗಳು ಸುಮಾಳ ಮದುವೆ ಕುಣಿಗಲ್‌ನ ಛತ್ರದಲ್ಲಿ. ಮಡಿಲಕ್ಕಿಯ ತಟ್ಟೆ ಜೋಡಿಸಿದ್ದು ಗಂಗಕ್ಕನೇ. ಮಡಿಲು ತುಂಬುವ ಹೊತ್ತಿಗೆ ಗಂಡಿನ ಸೋದರತ್ತೆ ತಟ್ಟೆಗೆ ಕೈಹಾಕಿ, ಕೊಬ್ಬರಿ ಗಿಟುಕಿನ ಕೆಳಗಿಂದ ಶೀಟು ಎಳೆದು ಎತ್ತಿ ಹಿಡಿದರು.

"ಇದೇನ್ರೀ ಇದು? ಹುಡ್ಗೀಗೆ ಏನಾದ್ರೂ ಕಾಯ್ಲೆನಾ? ಮುಚ್ಚಿಟ್ಟು ನಮ್ ತಲೆಗೆ ಕಟ್ಟಿದ್ರಾ?"

ವಾಲಗ ನಡೆದೇ ಇತ್ತು. ಹೆಂಗಸರ ಮಾತು ಮಾತ್ರ ನಿಂತಿತು. ಸುಮಾಳ ಮುಖ ಬಿಳುಚಿಕೊಂಡಿತು. ಬಾಯಿ ಬಲದಿಂದ ಬದುಕಿದವಳು ನಾನು. ಸುಳ್ಳು ತಾನಾಗಿಯೇ ಬಂತು. "ಅಯ್ಯೋ, ಅದು ನಂದು ಕಣ್ರೀ! ನನ್ ಬಿಪಿ ಮಾತ್ರೆ. ಬಗ್ಗಿದಾಗ ಸೊಂಟದಿಂದ ಜಾರೈತೆ" ಎಂದು ಕಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿದೆ. ಎಲ್ಲರೂ ನಕ್ಕರು. ಗಂಗಕ್ಕ ಏನೋ ಹೇಳಲು ಬಾಯಿ ತೆರೆದವರು ಸುಮಾಳನ್ನು ನೋಡಿ ಮುಚ್ಚಿಕೊಂಡರು. ತುಮಕೂರಿನವರೆಗೂ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರು. ಒಂದು ಮಾತೂ ಇಲ್ಲ. ಶೀಟಿನ ಅಂಚು ನನ್ನ ಸೊಂಟಕ್ಕೆ ಚುಚ್ಚುತ್ತಲೇ ಇತ್ತು.

ಮುಂದೆ ಸುಮಾ ಬಸುರಿಯಾದಳು ಎಂದು ತಿಳಿದಾಗ ಸಿಹಿ ಹಂಚಬೇಕಾದ ನಾನು, ಆ ಶೀಟು ಅವಳ ಕೈ ಸೇರದಂತೆ ಮಾಡಿದವಳು ನಾನೇ ಅಲ್ಲವೇ ಎಂದು ಅಳುತ್ತಾ ಕೂತೆ. ಫೋನಿನಲ್ಲಿ ಅವಳಿಗೆ ಎಲ್ಲ ಹೇಳಿಬಿಟ್ಟೆ. ಅವಳು ನಕ್ಕಳು. "ಅಮ್ಮಾ, ರವಿಕೆ ಕಣದ ಮಡಿಕೆ ಒಳಗೆ ಇನ್ನೊಂದು ಶೀಟಿತ್ತು, ಜೊತೆಗೆ ಒಂದು ಚೀಟಿ. ಡಾಕ್ಟ್ರನ್ನ ಕೇಳ್ಕೊಂಡು ಆವಾಗಿಂದಾನೇ ತಗೊಳ್ತಿದೀನಿ. ಅದು ಮುಗಿದ್ಮೇಲೆ ನಾನೇ ತರಿಸ್ಕೊಂಡೆ."

ಈಗ ಮದುವೆ ಬಟ್ಟೆಗೆ ಬಂದವರಿಗೆ ನಾನು ಎದುರಿಗೇ ಹೇಳುತ್ತೇನೆ: ಬಸುರಾಗುವ ಮುಂಚೆಯೇ ಹುಡುಗಿ ಈ ಮಾತ್ರೆ ಶುರು ಮಾಡಲಿ, ಡಾಕ್ಟರನ್ನು ಕೇಳಿ. ಒಬ್ಬಿಬ್ಬರು ಮುಖ ಸಿಂಡರಿಸಿ ಎದ್ದು ಹೋಗಿದ್ದಾರೆ. ಹೋಗಲಿ. ಎದ್ದು ಹೋಗುವವರಿಗೆ ನಾನು ಹೆದರುವುದಿಲ್ಲ.

ಗಂಗಕ್ಕನನ್ನು ಕೊನೆಯ ಸಲ ನೋಡಿದ್ದು ನಿಟ್ಟೂರಿನಲ್ಲಿ, ಮೊಮ್ಮಗಳನ್ನು ಎತ್ತಿಕೊಂಡು ಹೋದಾಗ. ಹಾಸಿಗೆ ಹಿಡಿದಿದ್ದರು. ಕಣ್ಣು ಕಾಣುತ್ತಿರಲಿಲ್ಲ.

"ಎರಡು ಶೀಟು ಇಟ್ಟಿದ್ರಂತೆ?" ಎಂದೆ.

"ಮತ್ತಿನ್ನೇನು! ನೀನು ಮೊದ್ಲು ಒಂದ್ ಸೀರೆ ತೋರ್ಸಿ, ಆಮ್ಯಾಕೆ ಒಳ್ಳೇದ್ನ ಒಳಗಿಂದ ತೆಗೀತಿದ್ದಿಲ್ವಾ? ಮೇಲಿಂದು ನಿನ್ ಕೈಗೆ ಸಿಕ್ಲಿ, ನೀನು ಕಿತ್ತಾಕಿ ಸುಮ್ನಾಗ್ಲಿ ಅಂತ ಇಟ್ಟಿದ್ದೆ. ಆ ಹೆಂಗ್ಸು ಕೈ ಹಾಕ್ತಾಳೆ ಅಂತ ಯಾರಿಗ್ಗೊತ್ತು? ಮದ್ವೆ ಮುರೀತು ಅಂದ್ಕಂಡೆ ಕಣೇ. ಬಸ್ಸಿನಾಗೆ ಹೆದ್ರಿಕೆಗೆ ನನ್ ಬಾಯೇ ಹೊಲ್ದೋಗಿತ್ತು."

ಮಗುವನ್ನು ಅವರ ಪಕ್ಕದಲ್ಲಿ ಬೋರಲು ಮಲಗಿಸಿದೆ. ಅವರ ಕೈ ತಡಕಾಡಿ ನೆತ್ತಿಯನ್ನು ಹುಡುಕಿತು. ಕತ್ತಿಗೆ ಇಳಿಯಿತು, ಬೆನ್ನಿಗೆ ಇಳಿಯಿತು. ಸ್ಕ್ಯಾನಿಂಗ್‌ನಲ್ಲಿ ಎಲ್ಲ ಸರಿಯಿದೆ ಎಂದು ಗೊತ್ತಿದ್ದರೂ ನಾನು ಉಸಿರು ಹಿಡಿದಿದ್ದೆ.

"ಹೊಲ್ಗೆ ಗಟ್ಟಿಯಾಗೈತೆ" ಅಂದರು. "ತಗಳವ್ವ ನಿನ್ ಮಗೀನ."

ಅಂದರೇ ಹೊರತು ಕೈ ತೆಗೆಯಲಿಲ್ಲ. ನಾನೂ ಮಗುವನ್ನು ಎತ್ತಿಕೊಳ್ಳಲಿಲ್ಲ.