ಮುಟ್ಟದೇ ಕೆಟ್ಟ ಕಂಪ್ಯೂಟರ್

ಇವತ್ತು ಸಿರುಗುಪ್ಪದಲ್ಲಿ ಮಗಳ ಸರ್ಕಾರಿ ಶಾಲೆಗೆ ಹೋಗಿದ್ದೆ. ಸ್ಮಾರ್ಟ್ ಕ್ಲಾಸ್ ಕೋಣೆಯ ಹೊಸ ಪ್ಲಾಸ್ಟಿಕ್ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾದನಹಟ್ಟಿಯ ನಮ್ಮ ಶಾಲೆ ಕಣ್ಣೆದುರು ಬಂತು.

ನಾವು ಐದನೇ ಕ್ಲಾಸಿನಲ್ಲಿದ್ದಾಗ ಅಲ್ಲಿಗೆ ಮೊದಲ ಕಂಪ್ಯೂಟರ್ ಬಂತು. ಹೆಡ್‌ಮಾಸ್ತರು ಅದಕ್ಕೆ ಕುಂಕುಮ ಹಚ್ಚಿ, ಬಟ್ಟೆ ಹೊದಿಸಿ, ಕೋಣೆಗೆ ಬೀಗ ಹಾಕಿದರು. ದಿನಾ ತಾವೇ ಧೂಳು ಒರೆಸುತ್ತಿದ್ದರು.

“ಒಂದ್ಸಲ ಮುಟ್ಟತೀನ್ರಿ ಸರ್,” ಎಂದು ಗೆಳತಿ ಹುಲಿಗೆಮ್ಮ ಗೋಗರೆಯುತ್ತಿದ್ದಳು.

“ಕೆಟ್ಟರ ಮತ್ತೊಂದು ಯಾರು ಕೊಡ್ತಾರವ್ವಾ? ಏಳನೇ ಕ್ಲಾಸಿಗೆ ಬಾ, ಕಲಿಸ್ತೀನಿ.”

ಅವಳ ಆಸೆ ನೋಡಲಾರದೆ ಗಣಿತದ ಟೀಚರ್ ನೆಲದ ಮೇಲೆ ಸೀಮೆಸುಣ್ಣದಿಂದ ಕೀಬೋರ್ಡ್ ಬರೆದುಕೊಟ್ಟರು. ಹುಲಿಗೆಮ್ಮ ಅದರ ಮುಂದೆ ಮೊಣಕಾಲೂರಿ ಕೂತು, ನೋಡದೆಯೇ ಅಕ್ಷರ ಒತ್ತುವಷ್ಟು ಕಲಿತಳು.

ನಾವು ಏಳನೇ ತರಗತಿಗೆ ಬಂದಾಗ ಕೊನೆಗೂ ಬೀಗ ತೆಗೆದರು. ಹುಲಿಗೆಮ್ಮನೇ ಮೊದಲು ಕೂತಳು. ಸರ್ ಸ್ವಿಚ್ ಒತ್ತಿದರು. ಪರದೆ ಬೆಳಗಲಿಲ್ಲ.

ಬಳ್ಳಾರಿಯಿಂದ ಬಂದ ರಿಪೇರಿಯವನು, “ಭಾಳ ದಿನ ಚಾಲೂ ಮಾಡಲಾರದ ಕೆಟ್ಟೈತ್ರಿ,” ಎಂದ.

“ನಿಮಗಂತನ ಜ್ವಾಪಾನ ಮಾಡಿದ್ನಲ್ಲವ್ವಾ,” ಎಂದು ಸರ್ ಅದಕ್ಕೆ ಮತ್ತೆ ಬಟ್ಟೆ ಹೊದಿಸಿದರು.

ಆ ವರ್ಷವೇ ಹುಲಿಗೆಮ್ಮ ಶಾಲೆ ಬಿಟ್ಟಳು. ಮುಂದೆ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸಕ್ಕೆ ಸೇರಿದಳು.

ಇವತ್ತು ಮಗಳು ಪರದೆಯ ಮೇಲೆ ಬೆರಳಾಡಿಸಿದಾಗ ಯಾರೂ ಗದರಿಸಲಿಲ್ಲ. ಹುಲಿಗೆಮ್ಮನಿಗೆ ಫೋನು ಮಾಡಿ ಹೇಳೋಣ ಎನಿಸಿತು. ಅವಳ ನಂಬರ್ ತೆಗೆದವಳು, ಒತ್ತದೆಯೇ ಫೋನು ಚೀಲಕ್ಕೆ ಹಾಕಿಕೊಂಡೆ.