ಕೋಡ್ ಹಾಕಿ ಗೆದ್ದರೆ

ಶಿರಸಿ ಬಸ್ ಸ್ಟ್ಯಾಂಡಿನ ಹತ್ತಿರ ಸೋದರಮಾವ ಇಟ್ಟಿದ್ದ ಸೈಬರ್ ಸೆಂಟರನ್ನು ಕೆಲವು ವರ್ಷ ನಾನು ನೋಡಿಕೊಂಡೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ಇಂಟರ್ನೆಟ್ ಇದ್ದದ್ದಕ್ಕಿಂತ ಇಲ್ಲದ್ದೇ ಹೆಚ್ಚು. ಜನ ಬರುತ್ತಿದ್ದದ್ದು ಗೇಮ್ ಆಡಲು. ದಿನವಿಡೀ ಗುಂಡಿನ ಸದ್ದು, ಕರೆಂಟ್ ಹೋದರೆ ಯುಪಿಎಸ್ಸಿನ ಕೀಚಲು ದನಿ. ಸಂಜೆಯ ಹೊತ್ತಿಗೆ ತಲೆ ಭಾರವಾಗಿರುತ್ತಿತ್ತು.

ಅದಕ್ಕಿಂತ ಸುಸ್ತು ಮಾಡುತ್ತಿದ್ದದ್ದು ಆಡಲು ಬಂದವರ ವಾದ. ಹುಬ್ಬಳ್ಳಿಯಿಂದ ಗೇಮಿನ ಪತ್ರಿಕೆ ಬಂತೆಂದರೆ ಶುರು. ಹೊಸ ಆವೃತ್ತಿ ಹಳೆಯ ಆಟವನ್ನು ಕೆಡಿಸಿತೇ? ಅದು ನಮ್ಮ ಕಂಪ್ಯೂಟರಿನಲ್ಲಿ ಓಡೀತೇ? ದೊಡ್ಡ ಜಗಳ ಮಾತ್ರ ಚೀಟ್ ಕೋಡಿನದು. ಪತ್ರಿಕೆಯಲ್ಲಿ ಅಚ್ಚಾದ ಆ ಅಕ್ಷರಗಳನ್ನು ಒತ್ತಿದರೆ ಆಟದಲ್ಲಿ ಸಾವೇ ಇಲ್ಲ.

ಹಾವೇರಿ ಕಡೆಯಿಂದ ವರ್ಗವಾಗಿ ಬಂದಿದ್ದ ಬ್ಯಾಂಕ್ ಗುಮಾಸ್ತರಿಗೆ ಅದು ಸೇರದು. ಎದುರಿನ ಔಷಧಿ ಅಂಗಡಿಯವನಿಗೆ ಅದಿಲ್ಲದೆ ಆಗದು. ಅವನು ಸೋಂದಾದವನು, ದೂರದ ಸಂಬಂಧದಲ್ಲಿ ನನಗೆ ಅಣ್ಣನಾಗಬೇಕು.

"ಸಾಯೂದೇ ಇಲ್ಲಂದ್ರ ಗೆದ್ದೇನಂತ ಹೆಂಗ ಹೇಳ್ತೀರಿ?" ಎಂದರು ಗುಮಾಸ್ತರು.

"ಬ್ಯಾಂಕಿನವ್ರಿಗೆ ಆಟದಲ್ಲೂ ರೂಲ್ಸೇ" ಎಂದು ಅವನು ನಕ್ಕು, ನನ್ನ ಕಡೆ ತಿರುಗಿದ. "ತಂಗಿ, ನೀನೇ ಹೇಳು, ಇದ್ರಲ್ಲಿ ಎಂತ ತಪ್ಪಿದ್ದು?"

"ಎಂಗೆ ಗೊತ್ತಿಲ್ಲೆ ಅಣ್ಣಾ" ಎಂದೆ. ನಿಜವಾಗಿಯೂ ನನಗೆ ಯಾವುದೂ ಬೇಕಿರಲಿಲ್ಲ.

ಅಂದಿನಿಂದ ಗುಮಾಸ್ತರು ಅವನ ಕಣ್ಣು ತಪ್ಪಿಸಿ ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಂದು ಹೋಗತೊಡಗಿದರು. ಅವನು ಸಂಜೆ ಬರುತ್ತಿದ್ದ. ಇಬ್ಬರೂ ಆಡುತ್ತಿದ್ದದ್ದು ಒಂದೇ ಆಟ. ಅವನು ಎಲ್ಲಿಗೆ ತಲುಪಿದ ಎಂದು ಗುಮಾಸ್ತರು, ಗುಮಾಸ್ತರು ಎಲ್ಲಿದ್ದಾರೆ ಎಂದು ಅವನು, ಇಬ್ಬರೂ ನನ್ನನ್ನೇ ಕೇಳುವುದು.

ಮಳೆಗಾಲದಲ್ಲಿ ಯಲ್ಲಾಪುರ ರಸ್ತೆಯಲ್ಲಿ ಔಷಧಿ ಅಂಗಡಿಯವನ ಬೈಕ್ ಜಾರಿ ಬಲಗೈ ಮುರಿಯಿತು. ಅಂಗಡಿಯನ್ನು ಹೆಂಡತಿ ನೋಡಿಕೊಂಡಳು. ಅವನು ಪ್ಲಾಸ್ಟರಿನ ಕೈ ಹೊತ್ತು ಮಧ್ಯಾಹ್ನವೇ ಬಂದು ನಮ್ಮ ಬೆಂಚಿನಲ್ಲಿ ಕೂರುತ್ತಿದ್ದ. ಬೇರೆಯವರ ಆಟ ನೋಡುತ್ತಿದ್ದ. ಗುಮಾಸ್ತರು ಬಂದು ಅವನಿಗೆ ಬೆನ್ನು ಹಾಕಿ ಆಡುತ್ತಿದ್ದರು. ಕೊನೆಗೊಂದು ದಿನ ಅವರೇ ತಿರುಗಿ, "ಬರ್ರಿ ಇಲ್ಲೆ. ನೀವು ಎಡಗೈಲೆ ನಡಸ್ರಿ, ನಾ ಗುಂಡು ಹೊಡಿತೀನಿ" ಎಂದರು.

ಒಂದೇ ಕೀಬೋರ್ಡಿಗೆ ಇಬ್ಬರು ದೊಡ್ಡ ಗಂಡಸರು ಭುಜ ಒತ್ತಿ ಕೂತರು. ಇವನು ಎಡಕ್ಕೆ ಹೊರಟರೆ ಅವರ ಬಂದೂಕು ಬಲಕ್ಕೆ. ಮತ್ತೆ ಮತ್ತೆ ಸತ್ತರು. ಕಡೆಯ ಹಂತದಲ್ಲಿ ವಾರವಿಡೀ ಸಿಕ್ಕಿಕೊಂಡರು. ಅವನು ಕೋಡಿನ ಸುದ್ದಿ ಎತ್ತಲಿಲ್ಲ. ಕಡೆಗೊಂದು ಮಧ್ಯಾಹ್ನ ಗುಮಾಸ್ತರೇ ಗಡಿಯಾರ ನೋಡಿ, ಉಸಿರು ಬಿಟ್ಟು, ಆ ಅಕ್ಷರಗಳನ್ನು ಒತ್ತಿದರು. ಅವರಿಗೆ ಅವು ಬಾಯಿಪಾಠ ಬರುತ್ತಿದ್ದವು.

ಕೊನೆಯಲ್ಲಿ ಒಂದು ಹೆಲಿಕಾಪ್ಟರ್ ಹಾರಿತು. ಆಮೇಲೆ ಆಟ ತಯಾರಿಸಿದವರ ಹೆಸರುಗಳು ಮೇಲಕ್ಕೆ ಸರಿಯತೊಡಗಿದವು.

"ಇಷ್ಟೇಯಾ?" ಎಂದ ಅವನು.

"ಇಷ್ಟ ನೋಡ್ರಿ" ಎಂದು ಗುಮಾಸ್ತರು ಎದ್ದು ಬ್ಯಾಂಕಿಗೆ ಹೋದರು.

ಮರುವರ್ಷ ಅವರಿಗೆ ವರ್ಗವಾಯಿತು. ಇವನ ಕೈ ಕೂಡಿತು, ಆದರೆ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಸೆಂಟರಿಗೆ ಬರುವುದು ಕಡಿಮೆಯಾಗಿ ನಿಂತೇ ಹೋಯಿತು. ಅವರಿಬ್ಬರ ಜಾಗದಲ್ಲಿ ಬೇರೆಯವರು ಕೂತು ಇನ್ನೊಂದು ಆಟದ ಬಗ್ಗೆ ಜಗಳ ತೆಗೆದರು. ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಕೂರುವುದನ್ನು ರೂಢಿ ಮಾಡಿಕೊಂಡೆ.